ವೀಡಿಯೊ ನೋಡಿ ಟೈಲ್ಸ್ ಹಾಕಬಹುದೇ?

ಪ್ರಶ್ನೆ: ಬಂಟ್ವಾಳದ ಹತ್ತಿರ ನಮ್ಮದು ಹಳೆಯ ಕೆಂಪು ಕಲ್ಲಿನ ಮನೆ. ಅಡುಗೆಮನೆಯ ರೆಡ್ ಆಕ್ಸೈಡ್ ನೆಲಕ್ಕೂ ಬಚ್ಚಲಿಗೂ ವೀಡಿಯೊ ನೋಡಿ ನಾನೇ ವಿಟ್ರಿಫೈಡ್ ಟೈಲ್ಸ್ ಹಾಕಬೇಕೆಂದಿದ್ದೇನೆ. ಆಗುತ್ತದೆಯೇ?

ಉತ್ತರ: ಅಡುಗೆಮನೆ ನೀವೇ ಮಾಡಿ, ಬಚ್ಚಲನ್ನು ಅನುಭವಿ ಮೇಸ್ತ್ರಿಗೆ ಬಿಡಿ. ಅಲ್ಲಿ ವಾಟರ್‌ಪ್ರೂಫಿಂಗ್ ಅಥವಾ ನೀರಿನ ಇಳಿಜಾರು ತಪ್ಪಿದರೆ ಹಾಕಿದ್ದೆಲ್ಲ ಒಡೆಯಬೇಕಾಗುತ್ತದೆ.

ನೀವು ನೋಡುವ ವಿದೇಶಿ ವೀಡಿಯೊಗಳಲ್ಲಿ ಎಷ್ಟೋ ಮರದ ನೆಲದ ಮನೆಗಳವು. ನಮ್ಮ ಕರಾವಳಿಯ ಸಮಸ್ಯೆ ತೇವ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಸುತ್ತಲೂ ಟೇಪ್ ಹಚ್ಚಿ ಒಂದು ದಿನ ಬಿಡಿ. ಅಡಿಯಲ್ಲಿ ನೀರಹನಿ ಕಂಡರೆ, ಅಥವಾ ನೆಲದ ಬಿರುಕು ವರ್ಷವರ್ಷ ಅಗಲವಾಗುತ್ತಿದ್ದರೆ, ಮೊದಲು ಸಿವಿಲ್ ಎಂಜಿನಿಯರ್‌ಗೆ ತೋರಿಸಿ. ಮಳೆಗಾಲದಲ್ಲಂತೂ ಕೆಲಸ ಶುರುಮಾಡಬೇಡಿ.

ರೆಡ್ ಆಕ್ಸೈಡ್ ನುಣುಪು ನೆಲ. ಉಳಿಯಿಂದ ಕಚ್ಚು ಹಾಕಿ, ಧೂಳು ಪೂರ್ತಿ ತೊಳೆದು ಒಣಗಿಸಿ. ವಿಟ್ರಿಫೈಡ್ ಟೈಲ್ ನೀರು ಹೀರುವುದು ಅರ್ಧ ಶೇಕಡಕ್ಕೂ ಕಡಿಮೆ, ಹಾಗಾಗಿ ಬರೀ ಸಿಮೆಂಟ್ ಹಾಲಿಗೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಐಎಸ್ 15477 ಗುರುತಿರುವ ಅಂಟು ತನ್ನಿ, ಹಲ್ಲಿನ ಕರಣೆಯಿಂದ ಹರಡಿ. ಮೊದಲ ಟೈಲನ್ನು ಕೂರಿಸಿದ ಕೂಡಲೇ ಎತ್ತಿ ನೋಡಿ: ಹಿಂಬದಿ ತುಂಬ ಅಂಟು ತಾಗಿರಬೇಕು. ಪ್ರತಿ ಸಾಲಿಗೂ ರಸಮಟ್ಟ ಇಡಿ. ಮಾರನೇ ದಿನ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದದ್ದನ್ನು ಕಿತ್ತು ಮತ್ತೆ ಹಾಕಿ, ಆಮೇಲೆಯೇ ಗ್ರೌಟ್.

ನೆಲ ಒಂದೂವರೆ ಸೆಂಟಿಮೀಟರಿನಷ್ಟು ಏರುತ್ತದೆ, ಬಾಗಿಲ ಅಡಿ ಕೊಯ್ಯಲು ಬಡಗಿಗೆ ಮೊದಲೇ ಹೇಳಿಡಿ. ಕಟಿಂಗ್ ಮೆಷಿನ್ ಹಿಡಿಯುವಾಗ ಕನ್ನಡಕ, ಮಾಸ್ಕ್ ಬೇಕೇಬೇಕು. ಆ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ.