ರೋಗಿಯ ಪಕ್ಕದಲ್ಲಿ ಕುಳಿತವರು

ರೋಗಿ ಸಂದರ್ಶನವು ನಮ್ಮ ಸಮುದಾಯದಲ್ಲಿ ಇನ್ನೂ ಉಳಿದುಕೊಂಡಿರುವ ಒಳ್ಳೆಯ ಸಂಪ್ರದಾಯಗಳಲ್ಲೊಂದು. ಯಾರಾದರೂ ಹಾಸಿಗೆ ಹಿಡಿದರೆಂದು ತಿಳಿದರೆ ಮೊಹಲ್ಲಾದ ಜನರು ಹಣ್ಣುಹಂಪಲು ಹಿಡಿದು ಹೋಗುತ್ತಾರೆ, ಕುಶಲ ವಿಚಾರಿಸುತ್ತಾರೆ, ದುಆ ಮಾಡಿ ಮರಳುತ್ತಾರೆ. ಇದು ಪ್ರವಾದಿವರ್ಯರ(ಸ) ಸುನ್ನತ್. ಒಬ್ಬ ಮುಸ್ಲಿಮನಿಗೆ ಇನ್ನೊಬ್ಬ ಮುಸ್ಲಿಮನ ಮೇಲಿರುವ ಹಕ್ಕು ಕೂಡಾ. ಆದರೆ ಅದೇ ಕೋಣೆಯಲ್ಲಿ ಇನ್ನೊಬ್ಬರಿರುತ್ತಾರೆ. ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವವರು, ರಾತ್ರಿ ಮೂರು ಬಾರಿ ಎದ್ದು ನೀರು ಕೊಡುವವರು, ಬಟ್ಟೆ ಒಗೆಯುವವರು. ಅವರ ಕುಶಲವನ್ನು ನಾವು ವಿಚಾರಿಸುತ್ತೇವೆಯೇ?

ಕೆಲವು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದ ವೃದ್ಧರೊಬ್ಬರನ್ನು ನೋಡಲು ನಾವು ಆರು ಮಂದಿ ಅಧ್ಯಾಪಕರು ಹೋಗಿದ್ದೆವು. ಕಾಲು ಗಂಟೆ ಕುಳಿತು, ದುಆ ಮಾಡಿ, ಚಹಾ ಕುಡಿದು ಎದ್ದೆವು. ಬಾಗಿಲ ಮರೆಯಲ್ಲಿ ನಿಂತಿದ್ದ ಸೊಸೆ ಮೆಲ್ಲನೆ ಹೇಳಿದರು: "ಉಸ್ತಾದರೇ, ನೀವೆಲ್ಲ ಒಟ್ಟಿಗೆ ಬರುವ ಬದಲು ಒಬ್ಬೊಬ್ಬರಾಗಿ ಬೇರೆ ಬೇರೆ ದಿನ ಬಂದು ಮಾವನ ಬಳಿ ಸ್ವಲ್ಪ ಹೊತ್ತು ಕೂರುತ್ತೀರಾ? ನಾನು ತಾಯಿಯ ಮುಖ ನೋಡಿ ಎಂಟು ತಿಂಗಳಾಯಿತು. ತವರು ಇರುವುದು ಪಕ್ಕದ ಊರಲ್ಲೇ." ನನಗೆ ಉತ್ತರ ಹೊಳೆಯಲಿಲ್ಲ. ನಾವು ಆಕೆಗೆ ಬಿಟ್ಟು ಬಂದದ್ದು ತೊಳೆಯಬೇಕಾದ ಆರು ಲೋಟಗಳನ್ನು ಮಾತ್ರ.

ಒಂಟಿತನ ಒಮ್ಮೆಲೇ ಬರುವುದಿಲ್ಲ. ಮೊದಲ ತಿಂಗಳು ಮನೆ ತುಂಬ ಜನ. ಮೂರನೆಯ ತಿಂಗಳು ಇಬ್ಬರೋ ಮೂವರೋ. ಬಳಿಕ ಮದುವೆಯ ಕರೆಯೋಲೆಯೂ ನಿಲ್ಲುತ್ತದೆ, "ಅವರಿಗೆ ಬರಲಾಗದು ಬಿಡಿ" ಎಂದು ನಾವೇ ತೀರ್ಮಾನಿಸುತ್ತೇವೆ. ಮರೆವಿನ ಕಾಯಿಲೆಯಿರುವ ಮನೆಯಲ್ಲಂತೂ ನಾಚಿಕೆಯಿಂದ ಮನೆಯವರೇ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಹೀಗೆ ಕಾಯಿಲೆ ಒಬ್ಬರಿಗಾದರೂ ಸೆರೆವಾಸ ಇಬ್ಬರಿಗೆ.

ಬದ್ರ್‌ನಲ್ಲಿ ಇಲ್ಲದ ಬದ್ರ್ ಸಹಾಬಿ

ಹಿಜರಿ 2ನೇ ವರ್ಷ (ಕ್ರಿ.ಶ. 624) ಬದ್ರ್ ಯುದ್ಧಕ್ಕೆ ಮುಸ್ಲಿಮರು ಹೊರಟಾಗ ಪ್ರವಾದಿವರ್ಯರ(ಸ) ಪುತ್ರಿ, ಹಝ್ರತ್ ಉಸ್ಮಾನ್‌ರ(ರ) ಪತ್ನಿ ರುಕಯ್ಯಾ(ರ) ತೀವ್ರ ಅಸ್ವಸ್ಥರಾಗಿದ್ದರು. ಮನೆಯಲ್ಲೇ ಉಳಿದು ಪತ್ನಿಯ ಶುಶ್ರೂಷೆ ಮಾಡುವಂತೆ ಪ್ರವಾದಿವರ್ಯರು(ಸ) ಉಸ್ಮಾನ್‌ರಿಗೆ ಹೇಳಿದರು. ಬದ್ರ್‌ನಲ್ಲಿ ಪಾಲ್ಗೊಂಡವನ ಪ್ರತಿಫಲವೂ ಯುದ್ಧಾರ್ಜಿತದಲ್ಲಿ ಪಾಲೂ ಅವರಿಗಿದೆಯೆಂದು ತಿಳಿಸಿದರು. ವಿಜಯದ ಸುದ್ದಿ ಮದೀನಕ್ಕೆ ತಲುಪುವ ವೇಳೆಗೆ ರುಕಯ್ಯಾ(ರ) ಇಹಲೋಕ ತ್ಯಜಿಸಿದ್ದರು.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಶುಶ್ರೂಷೆಯು ಹೆಂಗಸರಿಗೆ ಮಾತ್ರ ಮೀಸಲಾದ ಕೆಲಸವಲ್ಲ; ಮುಂದೆ ಖಲೀಫರಾಗಲಿದ್ದ ವ್ಯಕ್ತಿಯೇ ಅದನ್ನು ಮಾಡಿದರು. ಎರಡನೆಯದಾಗಿ, ರೋಗಿಯ ಬಳಿ ಉಳಿದವನನ್ನು ಪ್ರವಾದಿವರ್ಯರು(ಸ) ಗೈರುಹಾಜರಿ ಎಂದೆಣಿಸಲಿಲ್ಲ. ಇತರರು ಗಳಿಸಿದ್ದರಲ್ಲಿ ಅವರಿಗೂ ಪಾಲು ಎತ್ತಿಟ್ಟರು. ರೋಗಿಯನ್ನು ಬಿಟ್ಟು ಬರಲಾಗದವನಿಗೆ ಜುಮಾ ನಮಾಝಿನಿಂದಲೂ ವಿನಾಯಿತಿಯಿದೆಯೆಂದು ಫಿಕ್‌ಹ್ ವಿದ್ವಾಂಸರು ಹೇಳಿದ್ದಾರೆ. ಆದರೆ ನಾವು ಅಂಥವನನ್ನು ಮಸೀದಿಯಲ್ಲಿ ಕಾಣದಾಗ ಮರೆತೇ ಬಿಡುತ್ತೇವೆ.

ಹಿಜರಿ 8ರಲ್ಲಿ ಮುಅ್‌ತಾ ಯುದ್ಧದಲ್ಲಿ ಹಝ್ರತ್ ಜಅಫರ್(ರ) ಹುತಾತ್ಮರಾದಾಗ, ಅವರ ಮನೆಯವರು ದುಃಖದಲ್ಲಿ ಮುಳುಗಿರುವುದರಿಂದ ಅವರಿಗಾಗಿ ಅಡುಗೆ ಮಾಡಿ ಕಳಿಸಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದರು. ಕೈ ಬಿಡುವಿಲ್ಲದ ಮನೆಗೆ ಅನ್ನ ಮುಟ್ಟಿಸುವುದು ನೆರೆಹೊರೆಯ ಕೆಲಸವೆಂದು ಇದರಿಂದ ಅರಿಯಬೇಕು. ಸಾವಿನ ಮನೆಗೆ ನಾವು ಇದನ್ನು ಮಾಡುತ್ತೇವೆ. ವರ್ಷಗಟ್ಟಲೆ ಕಾಯಿಲೆಯಿರುವ ಮನೆಗೆ ಏಕೆ ಮಾಡಬಾರದು?

ಆಯಾಸ ಪಾಪವಲ್ಲ

ತಂದೆತಾಯಿಯರಿಗೆ 'ಛೆ' ಎಂದೂ ಹೇಳಬಾರದೆಂದು ಕುರ್‌ಆನ್ ಕಲಿಸುತ್ತದೆ. ಇದಕ್ಕೆ ಹೆದರಿ ಎಷ್ಟೋ ಮಂದಿ ತಮ್ಮ ದಣಿವನ್ನು ಯಾರಲ್ಲೂ ಹೇಳಿಕೊಳ್ಳುವುದಿಲ್ಲ. ಹೆತ್ತವರ ಮನ ನೋಯಿಸುವುದು ಬೇರೆ, "ನನಗೆ ಸಾಕಾಗಿದೆ, ಸ್ವಲ್ಪ ಸಹಾಯ ಮಾಡಿ" ಎಂದು ತಮ್ಮನಲ್ಲೋ ನೆರೆಯವರಲ್ಲೋ ಹೇಳುವುದು ಬೇರೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ಆರಾಧನೆಯಲ್ಲಿದ್ದ ಅಬೂದರ್ದಾ(ರ)ರಿಗೆ ಸಲ್ಮಾನ್(ರ), ದೇಹಕ್ಕೂ ಮನೆಯವರಿಗೂ ಹಕ್ಕಿದೆಯೆಂದು ತಿಳಿಹೇಳಿದಾಗ ಪ್ರವಾದಿವರ್ಯರು(ಸ) ಆ ಮಾತನ್ನು ಸಮರ್ಥಿಸಿದರು. ಆರಾಧನೆಗೇ ಮಿತಿಯಿರುವಾಗ ಸೇವೆ ಮಾಡುವವರಿಗೆ ನಿದ್ದೆಯ ಹಕ್ಕಿಲ್ಲವೇ? "ಸಬ್ರ್ ಮಾಡಿ, ಸ್ವರ್ಗವಿದೆ" ಎಂಬ ಮಾತು ಸತ್ಯವೇ. ಆದರೆ ನಮ್ಮ ಪಾಲಿನ ಕೆಲಸದಿಂದ ಜಾರಿಕೊಳ್ಳಲು ಅದನ್ನು ಆಡಿದರೆ ಅದು ಉಪದೇಶವಾಗದು.

ಇನ್ನೊಂದು ಮಾತು. ಹೆತ್ತವರ ಹೊಣೆ ಮೊದಲಾಗಿ ಮಕ್ಕಳದ್ದು. ಸೊಸೆ ಮಾಡುವ ಸೇವೆ ಆಕೆಯ ಔದಾರ್ಯ. ಅದನ್ನು ಕೃತಜ್ಞತೆಯಿಂದ ಕಾಣಬೇಕು. ಕೊಲ್ಲಿ ರಾಷ್ಟ್ರದಲ್ಲಿರುವ ಮಗ ಹಣ ಕಳಿಸಿದೊಡನೆ ಹೊಣೆ ಮುಗಿಯದು. ಫೋನ್ ಮಾಡಿದಾಗ "ಉಪ್ಪ ಹೇಗಿದ್ದಾರೆ?" ಎಂಬುದಕ್ಕೆ ಮೊದಲು "ನೀನು ನಿನ್ನೆ ಮಲಗಿದೆಯಾ?" ಎಂದು ಕೇಳಲಿ. ವಾರದಲ್ಲಿ ಎರಡು ದಿನವಾದರೂ ಸಹಾಯಕಿಯ ಏರ್ಪಾಡು ಮಾಡಲಿ.

ನಾವೇನು ಮಾಡಬಹುದು?

ನೆರೆಯ ಕೇರಳದಲ್ಲಿ ಇದಕ್ಕೊಂದು ಮಾದರಿಯಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಚಿಕಿತ್ಸಾ ಸಂಘದ ಕೆಲಸ ಮುಂದೆ ಮಲಪ್ಪುರಂ ಮುಂತಾದ ಜಿಲ್ಲೆಗಳಲ್ಲಿ ಜನರ ಚಳವಳಿಯಾಯಿತು. ಊರಿನ ಸಾಮಾನ್ಯರೇ ತರಬೇತಿ ಪಡೆದು, ದಾದಿಯರೊಂದಿಗೆ ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ನೀತಿಯನ್ನೇ ರೂಪಿಸಿತು. ನಮ್ಮ ಜಮಾಅತ್‌ಗಳು ಇಷ್ಟನ್ನಾದರೂ ಮಾಡಬಹುದು:

1. ಮೊಹಲ್ಲಾದಲ್ಲಿ ದೀರ್ಘಕಾಲದ ರೋಗಿಗಳಿರುವ ಮನೆಗಳ ಪಟ್ಟಿ ಮಾಡಿ, ರೋಗಿಯ ಹೆಸರಿನ ಪಕ್ಕದಲ್ಲಿ ನೋಡಿಕೊಳ್ಳುವವರ ಹೆಸರನ್ನೂ ಬರೆಯಿರಿ.

2. ವಾರಕ್ಕೆ ಎರಡು ಗಂಟೆ ರೋಗಿಯ ಬಳಿ ಕುಳಿತುಕೊಳ್ಳಲು ಸರದಿ ಗೊತ್ತುಮಾಡಿ. ಪುರುಷರಿಗೆ ಪುರುಷರು, ಸ್ತ್ರೀಯರಿಗೆ ಸ್ತ್ರೀಯರು. ಆ ಎರಡು ಗಂಟೆ ಮನೆಯವರು ತವರಿಗೆ ಹೋಗಲಿ, ಮಲಗಲಿ, ಸುಮ್ಮನೆ ಅಂಗಳದಲ್ಲಿ ಕೂರಲಿ, ಲೆಕ್ಕ ಕೇಳಬೇಡಿ.

3. "ಏನಾದರೂ ಬೇಕಿದ್ದರೆ ಹೇಳಿ" ಎನ್ನಬೇಡಿ. "ಮಂಗಳವಾರ ಮಧ್ಯಾಹ್ನದ ಊಟ ನಮ್ಮಿಂದ" ಎನ್ನಿ.

4. ಮದುವೆಗೂ ಸ್ವಲಾತ್ ಮಜ್ಲಿಸ್‌ಗೂ ಅವರನ್ನು ಕರೆಯಿರಿ. ಬರಲಾಗದಿದ್ದರೂ ಕರೆ ತಲುಪಲಿ.

5. ನಿದ್ದೆಯಿಲ್ಲದೆ, ಅಳು ನಿಲ್ಲದೆ, ಬದುಕೇ ಬೇಡವೆನಿಸುವ ಹಂತಕ್ಕೆ ಬಂದವರಿಗೆ ವೈದ್ಯರ ನೆರವು ಕೊಡಿಸಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಂದು ನಾವು ಆರು ಮಂದಿ ಸರದಿ ಹಾಕಿಕೊಂಡೆವು. ಮೊದಲ ಗುರುವಾರ ಆಕೆ ತವರಿಗೆ ಹೋಗಿ, ಸಂಜೆ ಮಲ್ಲಿಗೆ ಮುಡಿದು ಮರಳಿದರು. ಮಾತು ಬಾರದ ಮಾವ ಅದನ್ನು ಕಂಡು ನಕ್ಕದ್ದನ್ನು ನಾನು ನೋಡಿದೆ.

ಮುಂದಿನ ಬಾರಿ ರೋಗಿಯ ಮನೆಗೆ ಹೋದಾಗ ಹಣ್ಣಿನ ಚೀಲದೊಂದಿಗೆ ಒಂದು ಗಂಟೆ ಸಮಯವನ್ನೂ ಒಯ್ಯೋಣ. ಪಕ್ಕದಲ್ಲಿ ಕುಳಿತವರನ್ನು ಮರೆಯದ ಹೃದಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.