ಅಳತೆ ಪುಸ್ತಕವೂ ದಾಖಲೆಯೇ

ಕುಂದಾಪುರದ ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ನನಗೆ ಹಾಕಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಪಘಾತಕ್ಕೆ ಸಂಬಂಧಿಸಿದ್ದೇ ಅಲ್ಲ. ತಿಂಗಳಿಗೆ ಎಷ್ಟು ದುಡಿಯುತ್ತೀರಿ, ಅದಕ್ಕೆ ಪುರಾವೆ ಏನು, ಹೊಲಿಯುವುದು ಕೈಯಲ್ಲಿ ತಾನೆ, ಕಾಲಿಗೆ ಪೆಟ್ಟಾದರೆ ನಿಮಗೇನು ನಷ್ಟ? ವಂಡ್ಸೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳಿಗೆ ಸಂಬಳದ ಚೀಟಿ ಯಾರು ಕೊಡಬೇಕು? ನನ್ನ ಹತ್ತಿರ ಇದ್ದದ್ದು ಅಳತೆ ಪುಸ್ತಕ. ಎದೆ, ಸೊಂಟ, ತೋಳು, ಭುಜ; ಪಕ್ಕದಲ್ಲಿ ಗಿರಾಕಿಯ ಹೆಸರು, ಕೊಡಬೇಕಾದ ತಾರೀಕು, ಮಜೂರಿ, ಅಡ್ವಾನ್ಸು. ಕೆಲವು ಪುಟಗಳಲ್ಲಿ ಸೀರೆಯಂಚಿನ ತುಂಡು ಪಿನ್ ಮಾಡಿದ್ದು ಹಾಗೇ ಇತ್ತು. ಮದುವೆ ಸೀಸನ್ನಿನ ಪುಟಗಳಲ್ಲಿ ಸಾಸಿವೆ ಹಾಕಲು ಜಾಗವಿಲ್ಲ, ಅಪಘಾತದ ವಾರದಿಂದ ಮುಂದಕ್ಕೆ ಬರೀ ಬಿಳಿ ಹಾಳೆ. ನ್ಯಾಯಾಧೀಶರು ಅದನ್ನು ತಿರುವಿ ತಿರುವಿ ನೋಡಿದರು.

ಆದದ್ದು 2023ರ ಮಳೆಗಾಲದಲ್ಲಿ. ಹೆಮ್ಮಾಡಿ–ಕೊಲ್ಲೂರು ರಸ್ತೆ ಬಲ್ಲವರಿಗೆ ಅಲ್ಲಿನ ತಿರುವುಗಳೂ ಗೊತ್ತು, ದೇವಸ್ಥಾನಕ್ಕೆ ಬಂದು ಹೋಗುವ ಕಾರುಗಳ ಅವಸರವೂ ಗೊತ್ತು. ಮೈದುನ ಸ್ಕೂಟರ್ ಬಿಡುತ್ತಿದ್ದ, ನಾನು ಹಿಂದೆ ಕೂತಿದ್ದೆ. ನೆಂಪು ಹತ್ತಿರ ಬಸ್ಸನ್ನು ಹಿಂದಿಕ್ಕಲು ಹೋದ ಕಾರು ನಮ್ಮ ಮೈಮೇಲೆ ಬಂತು. ಬಲಗಾಲಿನ ಎಲುಬು ಪಾದದ ಗಂಟಿನ ಮೇಲೆ ಎರಡು ತುಂಡು. ಕಾರಿನವರೇ ನಮ್ಮನ್ನು ಆಸ್ಪತ್ರೆಗೆ ಒಯ್ದರು, ಅದನ್ನು ಮರೆಯಬಾರದು. ಆದರೆ ಆಸ್ಪತ್ರೆಯ ಕೌಂಟರಿನಲ್ಲಿ ಅವರು ಬರೆಸಿದ್ದು ‘ಸ್ಕೂಟರ್ ಸ್ಕಿಡ್ ಆಗಿ ಬಿದ್ದದ್ದು’ ಎಂದು.

ಗಾಯಾಳುವಿನ ಇಡೀ ಕೇಸು ಕೂತಿರುವುದು ಈ ಒಂದು ಸಾಲಿನ ಮೇಲೆ. ‘ತಾನೇ ಬಿದ್ದದ್ದು’ ಎಂದು ಮೊದಲ ಆಸ್ಪತ್ರೆಯ ಕಾಗದದಲ್ಲಿದ್ದರೆ, ಕಾರನ್ನು ಆಮೇಲೆ ತಂದು ಸೇರಿಸಿದ್ದು ಎಂದು ವಿಮೆಯವರು ವಾದಿಸುತ್ತಾರೆ. ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ, ಸುಳ್ಳು ಕ್ಲೇಮುಗಳು ಅಷ್ಟು ನಡೆದಿವೆ. ಮೈದುನ ಮರುದಿನವೇ ಡಾಕ್ಟರ ಬಳಿ ಹೋಗಿ, ಕಾರಿನ ನಂಬರು ಹೇಳಿ, ತಾರೀಕು ಹಾಕಿ ತಿದ್ದುಪಡಿ ಬರೆಸಿ ಸಹಿ ಮಾಡಿಸಿದ. ಮಣಿಪಾಲದಲ್ಲಿ ಪ್ಲೇಟು, ಸ್ಕ್ರೂ ಹಾಕಿಸಿಕೊಂಡು ಬರುವಾಗ ಡಿಸ್ಚಾರ್ಜ್ ಕಾಗದದಲ್ಲೂ ಕಾರು ಗುದ್ದಿದ್ದೆಂದೇ ಇತ್ತು. ನಿಮ್ಮವರು ಯಾರಾದರೂ ಆಸ್ಪತ್ರೆ ಸೇರಿದರೆ ಹಣ್ಣು ಒಯ್ಯುವ ಮೊದಲು ಆ ಸಾಲು ಓದಿ.

ಇನ್ನೊಂದು, ‘ಕೇಸ್ ಬೇಡ’ ಎಂಬ ಮಾತು. ಕಾರಿನವರು ಆಸ್ಪತ್ರೆ ಖರ್ಚು ಕೊಡುತ್ತೇವೆಂದರು. ‘ದುಡ್ಡ್ ಕೊಡ್ತೊ ಅಂಬ್ರಲೆ, ಮತ್ತೆ ಕೇಸ್ ಎಂತಕೆ?’ ಎಂದು ನೆಂಟರೂ ಅಂದರು. ಪ್ಲೇಟು ತೆಗೆಯುವ ಎರಡನೇ ಆಪರೇಶನ್ನಿನ ಖರ್ಚು ಆ ಲೆಕ್ಕದಲ್ಲಿ ಇರಲಿಲ್ಲ, ಅಂಗಡಿ ಬಾಗಿಲು ಹಾಕಿದ ತಿಂಗಳುಗಳೂ ಇರಲಿಲ್ಲ. ಪರಿಹಾರ ಕೊಡುವುದು ಕಾರಿನ ಯಜಮಾನನ ಕಿಸೆಯಲ್ಲ, ಅವನು ಕಟ್ಟಿದ ಥರ್ಡ್ ಪಾರ್ಟಿ ವಿಮೆ. ಇಷ್ಟು ತಿಳಿದರೆ ದಾಕ್ಷಿಣ್ಯ ಅರ್ಧ ಇಳಿಯುತ್ತದೆ. ಈ ಮಾತುಕತೆಯಲ್ಲಿ ದೂರು ತುಸು ತಡವಾಯಿತು. ಕೋರ್ಟಿನಲ್ಲಿ ಆ ಪ್ರಶ್ನೆಯೂ ಬಂತು. ಮನೆಯವರು ಮೊದಲು ಗಾಯಾಳುವನ್ನು ನೋಡಿಕೊಳ್ಳುತ್ತಾರೆ, ದೂರು ತಡವಾದದ್ದೊಂದೇ ಕ್ಲೇಮು ತಿರಸ್ಕರಿಸಲು ಕಾರಣವಾಗದು ಎಂದು 2011ರಲ್ಲಿ ರವಿ ಮತ್ತು ಬದ್ರಿನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ವಕೀಲರು ಅದನ್ನು ಮುಂದಿಟ್ಟರು.

ಈಗಿನ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಕೊಡಬೇಕು. ಅವುಗಳ ಪ್ರತಿ ಪಡೆಯುವ ಹಕ್ಕು ಗಾಯಾಳುವಿಗಿದೆ. ಠಾಣೆಗೆ ಹೋಗಿ ಕೇಳಿ, ನಾಚಿಕೆ ಬೇಡ.

ಅಂಗವೈಕಲ್ಯದ ಲೆಕ್ಕ ನನಗೆ ಅರ್ಥವಾದದ್ದು ನಿಧಾನವಾಗಿ. ಡಾಕ್ಟರು ಕಾಲಿಗೆ ಇಷ್ಟು ಪರ್ಸೆಂಟ್ ಎಂದು ಬರೆದರೆ, ನಮ್ಮ ಕಡೆಯ ಟ್ರಿಬ್ಯೂನಲ್ಲುಗಳು ಸಾಮಾನ್ಯವಾಗಿ ಅದರ ಮೂರರಲ್ಲೊಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತವೆ. ಮುಂದಿನದು ಗುಣಾಕಾರ. 41ರಿಂದ 45 ವಯಸ್ಸಿನವರಿಗೆ ಗುಣಕ 14. ತಿಂಗಳ ಆದಾಯ 15,000 ರೂಪಾಯಿ, ವೈಕಲ್ಯ ಶೇ. 10 ಎಂದರೆ ದುಡಿಮೆಯ ನಷ್ಟ 2,52,000 ರೂಪಾಯಿ. ಅದೇ ಶೇ. 15 ಆದರೆ 3,78,000. ಆದರೆ 2010ರ ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ತೀರ್ಪಿನಂತೆ ನೋಡಬೇಕಾದ್ದು ಎಲುಬಿನ ಪರ್ಸೆಂಟನ್ನಲ್ಲ, ಆ ಗಾಯದಿಂದ ಆ ಮನುಷ್ಯನ ಕಸುಬಿಗೆ ಎಷ್ಟು ಹೊಡೆತ ಬಿತ್ತು ಎಂಬುದನ್ನು. ‘ಮಿಷನ್ನಿಗೆ ಮೋಟರ್ ಹಾಕಿಸಿಕೊಳ್ಳಬಹುದಲ್ಲ’ ಎಂದರು ವಿಮಾ ಕಂಪನಿಯ ವಕೀಲರು. ಮೋಟರ್ ಹಾಕಿದರೂ ಓಟ ಹಿಡಿಯುವುದು ಪಾದದಡಿಯ ಪೆಡಲಿನಲ್ಲಿ, ಕುತ್ತಿಗೆಯ ಪೈಪಿಂಗ್ ತಿರುಗಿಸುವಾಗ ಹಿಮ್ಮಡಿ ಊರಿ ಕೂದಲೆಳೆಯಷ್ಟೇ ಒತ್ತಬೇಕು, ಗಂಟು ಮಡಚದವಳಿಗೆ ಅದಾಗದು ಎಂದೆ. ನಿಮ್ಮ ಕಸುಬು ಯಾವುದೇ ಇರಲಿ, ಅದರಲ್ಲಿ ಯಾವ ಅಂಗಕ್ಕೆ ಯಾವ ಕೆಲಸ ಎಂದು ಬಿಡಿಸಿ ಹೇಳಲು ತಯಾರಾಗಿ ಹೋಗಿ. ಅಡಿಕೆ ಮರ ಹತ್ತುವವನಿಗೂ ಬ್ಯಾಂಕಿನಲ್ಲಿ ಕೂರುವವನಿಗೂ ಮಂಡಿ ನೋವು ಒಂದೇ ಅಲ್ಲ. ಸಾಕ್ಷಿಗೆ ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಕರೆಸಿ. ಯಾವತ್ತೂ ನಿಮ್ಮನ್ನು ನೋಡದವರು ಬರೆದುಕೊಟ್ಟ ಸರ್ಟಿಫಿಕೇಟನ್ನು ಕೋರ್ಟು ಅನುಮಾನದಿಂದಲೇ ನೋಡುತ್ತದೆ.

ಬಿಲ್ಲುಗಳನ್ನು ಇಡಬೇಕೆಂಬುದು ಎಲ್ಲರಿಗೂ ಗೊತ್ತು. ಮಣಿಪಾಲಕ್ಕೆ ಹೋಗಿಬಂದ ರಿಕ್ಷಾದವರ ಹತ್ತಿರ ಗಾಡಿ ನಂಬರು, ತಾರೀಕು, ಬಾಡಿಗೆ ಬರೆಸಿ ಸಹಿ ಹಾಕಿಸಿಕೊಳ್ಳಬೇಕೆಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಪ್ಲೇಟು ತೆಗೆಯಲು ಎಷ್ಟು ಬೀಳುತ್ತದೆಂದು ಡಾಕ್ಟರಿಂದ ಮೊದಲೇ ಬರೆಸಿಕೊಳ್ಳಿ. ಎಲುಬು ಕೂಡುವ ಮೊದಲು ಲೋಕ ಅದಾಲತ್ತಿನಲ್ಲಿ ರಾಜಿಗೆ ಒಪ್ಪಬೇಡಿ. ಅಲ್ಲಿ ಮುಗಿದದ್ದಕ್ಕೆ ಮೇಲ್ಮನವಿ ಇಲ್ಲ.

ಸ್ವಂತ ಕಾರು ಇಟ್ಟುಕೊಂಡವರಿಗೂ ಒಂದು ಮಾತು. ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ, ನಿಮ್ಮದೇ ತಪ್ಪಿನಿಂದಾದ ಅಪಘಾತದಲ್ಲಿ ನಿಮ್ಮ ಕಾರಿನೊಳಗೆ ಕೂತವರಿಗೆ ಆ ವಿಮೆ ಒದಗುವುದಿಲ್ಲ. ಪ್ಯಾಕೇಜ್ ಪಾಲಿಸಿಯೇ ಬೇಕು.

2022ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ ಕ್ಲೇಮು ಅರ್ಜಿ ಹಾಕಲು ಕಾನೂನು ಕೊಟ್ಟಿರುವ ಅವಧಿ ಆರು ತಿಂಗಳು. ಈ ಮಿತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ, ಅದನ್ನು ನಂಬಿಕೊಂಡು ಕೂರಬೇಡಿ. ನಮ್ಮೂರ ಮಕ್ಕಳು ಬೆಂಗಳೂರು, ಮುಂಬೈಗಳ ಹೋಟೆಲ್, ಬೇಕರಿಗಳಲ್ಲಿದ್ದಾರೆ. ಅಲ್ಲಿ ಅಪಘಾತವಾಗಿ ಊರಿಗೆ ಬಂದು ಮಲಗಿದವರು ಕೇಸಿಗಾಗಿ ಅಲ್ಲಿಗೇ ಅಲೆಯಬೇಕಾಗಿಲ್ಲ. ಗಾಯಾಳು ವಾಸವಿರುವ ಊರಿನ ಟ್ರಿಬ್ಯೂನಲ್ಲಿನಲ್ಲೂ ಅರ್ಜಿ ಹಾಕಬಹುದು. ವಂಡ್ಸೆಯವರಿಗೆ ಅದು ಕುಂದಾಪುರದಲ್ಲೇ ಇದೆ.