ಒಂದೇ ಗ್ರಂಥದ ಕೀರ್ತಿ: ನಿಕೊಲಾ ದ ಗ್ರಿನ್ಯಿ

ಆಯುಸ್ಸಿನ ದೈರ್ಘ್ಯವಾಗಲಿ ಕೃತಿಗಳ ಸಂಖ್ಯೆಯಾಗಲಿ ವಿದ್ವತ್ತಿಗೆ ಅಳತೆಗೋಲಲ್ಲ. ಮೂವತ್ತೊಂದು ವರ್ಷ ಮಾತ್ರ ಬಾಳಿ, ಒಂದೇ ಗ್ರಂಥವನ್ನು ಪ್ರಕಟಿಸಿದ ಫ್ರೆಂಚ್ ಆರ್ಗನ್ ವಾದಕ ನಿಕೊಲಾ ದ ಗ್ರಿನ್ಯಿಯ ಜೀವನವು ಇದಕ್ಕೆ ನಿದರ್ಶನ.

ಈತನು 1672ರಲ್ಲಿ ರೀಮ್ಸ್ ನಗರದಲ್ಲಿ, ಆರ್ಗನ್ ವಾದನವೇ ಕುಲವೃತ್ತಿಯಾಗಿದ್ದ ಮನೆತನದಲ್ಲಿ ಜನಿಸಿದನು. ಪ್ಯಾರಿಸಿನಲ್ಲಿ ಅರಮನೆಯ ವಾದಕನಾಗಿದ್ದ ನಿಕೊಲಾ ಲೆಬೆಗನು ಇವನ ಗುರು. 1693ರಿಂದ 1695ರವರೆಗೆ ಪ್ಯಾರಿಸಿನ ಸಮೀಪದ ಸೇಂಟ್ ಡೆನಿಸ್ ಸಂನ್ಯಾಸಿಮಠದಲ್ಲಿ ಸೇವೆ ಸಲ್ಲಿಸಿ, ವಿವಾಹಾನಂತರ ಹುಟ್ಟೂರಿಗೆ ಮರಳಿದನು. 1697ರ ವೇಳೆಗೆ, ಫ್ರಾನ್ಸಿನ ಅರಸರಿಗೆ ಪಟ್ಟಾಭಿಷೇಕ ನಡೆಯುತ್ತಿದ್ದ ರೀಮ್ಸ್ ಮಹಾದೇವಾಲಯದ ಆರ್ಗನ್ ಪೀಠವು ಅವನದಾಯಿತು.

ಆರ್ಗನ್ ಎಂಬುದು ತಿದಿಗಳ ಗಾಳಿಯಿಂದ ನೂರಾರು ಕೊಳವೆಗಳನ್ನು ನುಡಿಸುವ ಬೃಹದ್ವಾದ್ಯ. ವಾದಕನ ಕೈಗಳೆರಡಕ್ಕೂ ಕಾಲುಗಳಿಗೂ ಅದರಲ್ಲಿ ಕೆಲಸವುಂಟು. ಅಂದಿನ ಫ್ರೆಂಚ್ ಚರ್ಚುಗಳಲ್ಲಿ ಪೂಜಾಕಾಲದಲ್ಲಿ ಒಂದು ಚರಣವನ್ನು ಗಾಯಕರು ಹಾಡಿದರೆ, ಮುಂದಿನದನ್ನು ಆರ್ಗನ್ನೇ ನುಡಿಯುತ್ತಿತ್ತು. ವಾದಕರು ಬಹುಮಟ್ಟಿಗೆ ಅದನ್ನು ಆಶುವಾಗಿ ನುಡಿಸುತ್ತಿದ್ದುದರಿಂದ ಅವರ ಪ್ರತಿಭೆ ಅವರೊಡನೆಯೇ ಅಳಿಯುತ್ತಿತ್ತು.

ದ ಗ್ರಿನ್ಯಿಯು ತನ್ನ ರಚನೆಗಳನ್ನು ಬರಹಕ್ಕಿಳಿಸಿ 1699ರಲ್ಲಿ ‘ಆರ್ಗನ್‌ನ ಮೊದಲ ಪುಸ್ತಕ’ವೆಂಬ ಹೆಸರಿನಿಂದ ಅಚ್ಚುಹಾಕಿಸಿದನು. ಅದರಲ್ಲಿ ಒಂದು ಪೂಜಾವಿಧಿಯ ಸಂಗೀತವೂ ಐದು ಸ್ತೋತ್ರಗಳ ಸಂಗೀತವೂ ಇವೆ. ಅದರ ಐದು ಧಾರೆಗಳ ಫ್ಯೂಗ್‌ಗಳು ವಿಶೇಷವಾಗಿ ಗಮನಾರ್ಹ: ಬಲಗೈಗೆ ಎರಡು, ಎಡಗೈಗೆ ಎರಡು, ಪಾದಗಳಿಗೆ ಒಂದು. ಎರಡು ಕೈಗಳಿಗೂ ಬೇರೆ ಬೇರೆ ನಾದದ ಕೊಳವೆಗಳಿರುವುದರಿಂದ ಧಾರೆಗಳು ಕೂಡಿ ಹರಿದರೂ ಕಲಸಿಹೋಗುವುದಿಲ್ಲ.

‘ಮೊದಲ’ ಎಂದಮೇಲೆ ಎರಡನೆಯದರ ಆಶಯವಿದ್ದಿರಬೇಕು. ಆದರೆ 1703ರಲ್ಲಿ ಅವನು ತೀರಿಕೊಂಡನು. ಎರಡನೆಯ ಪುಸ್ತಕ ಹೊರಬರಲಿಲ್ಲ. ಮೊದಲನೆಯದು 1711ರಲ್ಲಿ ಪುನಃ ಪ್ರಕಟವಾಯಿತು.

ಈ ನಡುವೆ ಜರ್ಮನಿಯ ವೈಮಾರ್ ನಗರದಲ್ಲಿದ್ದ ತರುಣ ವಾದಕ ಯೋಹಾನ್ ಸೆಬಾಸ್ಟಿಯನ್ ಬಾಖ್, 1710ರ ಆಸುಪಾಸಿನಲ್ಲಿ ಈ ಗ್ರಂಥವನ್ನು ಆದ್ಯಂತ ಸ್ವಹಸ್ತದಿಂದ ಪ್ರತಿಮಾಡಿಕೊಂಡನು. ಅದೇ ನಗರದ ಯೋಹಾನ್ ಗಾಟ್‌ಫ್ರೀಡ್ ವಾಲ್ಟರನೂ ಹಾಗೆಯೇ ಮಾಡಿದನು. ಮುಂದೆ ಜಗದ್ವಿಖ್ಯಾತನಾಗಲಿದ್ದ ಬಾಖ್‌ನು ಪರದೇಶದ, ಅನ್ಯಸಂಪ್ರದಾಯದ ಕೃತಿಯನ್ನು ಸ್ವರಸ್ವರವಾಗಿ ಬರೆದುಕೊಂಡುದು ವಿದ್ಯಾವಿನಯದ ಲಕ್ಷಣ. ಆ ಹಸ್ತಪ್ರತಿ ಇಂದಿಗೂ ಉಳಿದಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂದ್ರ್ ಗಿಲ್ಮಾನನು ಈ ಗ್ರಂಥವನ್ನು ಸಂಪಾದಿಸಿ ಮತ್ತೆ ಬೆಳಕಿಗೆ ತಂದನು. ಬರೆದವನು ಒಬ್ಬ, ಪ್ರತಿಮಾಡಿದವನು ಇನ್ನೊಬ್ಬ, ಸಂಪಾದಿಸಿದವನು ಮತ್ತೊಬ್ಬ. ವಿದ್ಯೆಯು ಉಳಿದುಬರುವುದು ಹೀಗೆ ಕೈಯಿಂದ ಕೈಗೆ.